ಎಂಟುನೂರು ಎಲೆ

ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಸುಚಿತ್ರಾ ಮಗಳ ಕೂದಲನ್ನು ಮೂರು ಭಾಗ ಮಾಡಿ ಹಿಡಿದಿದ್ದಾಗ ಬಾಗಿಲೆದುರು ಬೈಕು ನಿಂತಿತು.

"ಮುತ್ತವ್ವಾರ ಮನಿ ಇದ ಅಲ್ರಿ? ನಾ ಕನಕರಾಜ. ರಾಣೆಬೆನ್ನೂರಿನ ಕಲ್ಯಾಣಮಂಟಪದಿಂದ ಬಂದೇನಿ."

ಸುಚಿತ್ರಾಳ ಕೈ ನಿಂತಿತು. ಬೇಡವೆಂದು ನಿನ್ನೆಯೇ ಅತ್ತೆಗೆ ಹೇಳಿದ್ದಳು.

"ಅವ್ವಾ," ಎಂದಳು ಮೂರನೇ ತರಗತಿಯ ಶೀಲಾ.

"ತಡಿ, ಅಲುಗಾಡಬ್ಯಾಡ."

ಅತ್ತೆ ಮುತ್ತವ್ವ ಒಳಗಿನಿಂದ ಕುರ್ಚಿ ತಂದು ಹಾಕಿದಳು. ಕನಕರಾಜ ಮೊಬೈಲಿನಲ್ಲಿ ಫೋಟೊಗಳನ್ನು ಸರಿಸುತ್ತ ಹೋದ. ಹೂವಿನ ವೇದಿಕೆ. ಹೊಗೆ ಬಿಡುವ ಯಂತ್ರ. ಮೇಲೆ ಹಾರಾಡುವ ಕ್ಯಾಮೆರಾ. ಎಂಟುನೂರು ಎಲೆ ಊಟ.

"ಎಲ್ಲಾ ಕೂಡಿ ನಾಲ್ಕು ಲಕ್ಷ ರೀ."

"ಆಗಲಿ," ಎಂದಳು ಮುತ್ತವ್ವ.

"ಎಲ್ಲಿಂದ ತರ್ತೀರಿ ಅತ್ತಿ?"

"ಕೋಲ್ಡ್ ಸ್ಟೋರೇಜಿನ್ಯಾಗ ಮೆಣಸಿನಕಾಯಿ ಐತೆಲ್ಲ."

"ಅದು ಶೀಲಾಂದ್ರಿ. ಅಕಿ ಓದಿಗೆ ಇಟ್ಟದ್ದು."

ಸುಚಿತ್ರಾಳ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಬ್ಯಾಡಗಿಯ ಆ ಮನೆಯಲ್ಲಿ ಈಗ ಹೆಂಗಸರೇ. ಎರಡು ಬೆಳೆಯಲ್ಲಿ ಕಷ್ಟಪಟ್ಟು ಉಳಿಸಿದ ನಲವತ್ತು ಚೀಲ ಮೆಣಸಿನಕಾಯಿ ಬಿಟ್ಟರೆ ಮಗಳಿಗೆಂದು ಬೇರೇನೂ ಇರಲಿಲ್ಲ.

"ಗುಡಿಯಾಗ ಮಾಡೂಣ್ರಿ. ಇಪ್ಪತ್ತು ಮಂದಿ ಸಾಕು," ಎಂದಳು.

ಕನಕರಾಜ ನಕ್ಕ. "ಎಲ್ಲಾ ಮನ್ಯಾಗೂ ಇದ ಹಾಡು ನೋಡ್ರಿ ಯಮ್ಮಾ. ನಾದಿನಿ ಲಗ್ನ ಅಂದ್ರ ಅತ್ತಿಗಿ ಕೈ ಬಿಗಿ ಆಗ್ತತಿ."

ಸುಚಿತ್ರಾ ತಲೆ ತಗ್ಗಿಸಿದಳು. ಬಾಚಣಿಗೆ ಸಿಕ್ಕಿನಲ್ಲಿ ಎಳೆಯಿತು. ಶೀಲಾ ಅಳಲಿಲ್ಲ, ರಿಬ್ಬನ್ನಿನ ಅಂಚನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದಳು.

"ಕದ್ದು ಮುಚ್ಚಿ ಮಾಡಾಕ ಅಕಿ ಏನು ತಪ್ಪು ಮಾಡ್ಯಾಳ?" ಮುತ್ತವ್ವನ ಧ್ವನಿ ಗಡುಸಾಯಿತು. "ಊರೆಲ್ಲ ಬಂದು ನೋಡಲಿ. ಬರ್ಕೊಳಪಾ, ಎಂಟುನೂರು."

"ಮದುಮಗಳು ಎಲ್ಲಿ ಅದಾರ್ರಿ? ಸೀರಿ ಬಣ್ಣ ಹೇಳಿದ್ರ ಹೂವು ಅದಕ್ಕ ಹೊಂದಸ್ತೀವಿ."

"ಕೆಲಸದಾಗ ಅದಾಳ. ಅಕಿಗೆ ಎಂದ ಬಿಡುವು ಐತಿ? ಬಣ್ಣ ನಾ ಹೇಳ್ತೇನಿ. ಹಸರು."

"ಅವ್ವಾ, ಒಂದು ಕೇಳ್ಲಿ?"

"ಆಮ್ಯಾಲೆ, ಪುಟ್ಟಿ."

ಮುತ್ತವ್ವ ಮುಂಗಡ ಕೊಟ್ಟಳು. ಕನಕರಾಜ ಅದನ್ನು ಜೇಬಿಗಿಳಿಸಿ ಕೈಮುಗಿದು ಹೊರಟ. ಬೈಕಿನ ಸದ್ದು ಓಣಿ ದಾಟಿತು.

"ಮಂದಿ ಒಂದು ದಿನ ಉಂಡು ಹೋಗ್ತಾರ್ರಿ," ಎಂದಳು ಸುಚಿತ್ರಾ ಮೆಲ್ಲಗೆ. "ಆ ಚೀಲ ಮಾರಿದ್ರ ಇಕಿಗೇನು ಉಳೀತೈತಿ?"

"ಇಕಿ ಚಿಂತಿ ನಿನಗ ಬ್ಯಾಡ. ನೋಡ್ಕೊಳ್ಳಾಕ ನಾ ಇದ್ದೇನಿ."

ಶೀಲಾ ತಟ್ಟನೆ ಎದ್ದಳು. ಹೆಣೆಯದ ಕೂದಲು ಸುಚಿತ್ರಾಳ ಬೆರಳುಗಳಿಂದ ಜಾರಿತು. ಮಗು ಒಮ್ಮೆ ಅಜ್ಜಿಯನ್ನು ನೋಡಿತು, ಒಮ್ಮೆ ತಾಯಿಯನ್ನು.

"ಅವ್ವಾ, ನಿನ್ನ ಲಗ್ನ ಆದಮ್ಯಾಲೆ ನನ್ನ ಇಲ್ಲೇ ಬಿಟ್ಟು ಹೋಗ್ತೀಯೇನು?"