ಟೆರೇಸಿನ ಕೀ

“ಮಕ್ಕಳಿಗೆಲ್ಲ ಟೆರೇಸಿನ ಕೀ ಕೊಡ್ಲಿಕ್ಕೆ ಆಗುದಿಲ್ಲ ಮೇಡಂ,” ಎಂದು ಬಿಲ್ಡಿಂಗಿನ ಸೆಕ್ರೆಟರಿ ಪೂವಪ್ಪನವರು ಮೂರನೆಯ ಸಲ ಹೇಳಿ, ಚಹಾದ ಕಪ್ಪನ್ನು ಅನುರಾಧಾಳ ಕಡೆಗೆ ಸರಿಸಿದರು. ಕೀ ಅವರ ಬೆನ್ನ ಹಿಂದೆಯೇ ಮೊಳೆಯಲ್ಲಿ ನೇತಾಡುತ್ತಿತ್ತು.

ಅನುರಾಧಾ ಚಹಾ ಮುಟ್ಟಲಿಲ್ಲ. ಮಕ್ಕಳ ಮೂಳೆಯ ಬಗ್ಗೆ ಸಂಶೋಧನೆ ಮಾಡುವ ಆಕೆ ಆಂಟಾಪ್ ಹಿಲ್‌ನ ಈ ಏಳು ಮಹಡಿಯ ಬಿಲ್ಡಿಂಗಿನಲ್ಲೇ ಹನ್ನೊಂದು ಮಕ್ಕಳನ್ನು ಪರೀಕ್ಷಿಸಿದ್ದಳು. ಎಂಟು ಮಕ್ಕಳಿಗೆ ವಯಸ್ಸಿಗೆ ಮೀರಿದ ತೂಕ, ಹನ್ನೊಂದೂ ಮಕ್ಕಳ ಮೂಳೆ ದುರ್ಬಲ. ಬಾಗಿಲ ಬಳಿ ತಾಯಿ ದೇವಕ್ಕನ ಸೆರಗು ಹಿಡಿದು ನಿಂತಿದ್ದ ಶಿವಕುಮಾರಿಗೆ ಹನ್ನೆರಡು ವರ್ಷ. ಮಂಚದಿಂದ ಇಳಿಯುವಾಗ ಜಾರಿ ಕೈಯೂರಿದ್ದಳು, ಅಷ್ಟಕ್ಕೇ ಮಣಿಕಟ್ಟು ಮುರಿದು ಪ್ಲಾಸ್ಟರ್ ಬಿದ್ದಿತ್ತು.

“ಸರ್, ಈ ಮಕ್ಕಳ ಮೈಗೆ ಬಿಸಿಲೇ ಬೀಳ್ತಿಲ್ಲ. ಬಿಸಿಲಿಲ್ಲದೆ ಕುಡಿದ ಹಾಲೂ ಮೂಳೆಗೆ ಹತ್ತೋದಿಲ್ಲ. ಕೆಳಗೆ ಆಡೋಣ ಅಂದ್ರೆ ಬರೀ ಕಾರು. ಕಿಟಕಿ ತೆಗೆದ್ರೆ ಪಕ್ಕದ ಬಿಲ್ಡಿಂಗಿನ ಗೋಡೆ. ಇವರಿಗೆ ಶಾಲೆ ಮಧ್ಯಾಹ್ನ. ಬೆಳಿಗ್ಗೆ ಹತ್ತಕ್ಕೆ ಅರ್ಧ ಗಂಟೆ ಮೇಲೆ ಬಿಡಿ, ಸಾಕು. ಜೊತೆಗೆ ದೊಡ್ಡವರು ಇರ್ತಾರೆ.”

“ನೀವು ಹೇಳುದು ಸರಿ ಮಾರಾಯ್ರೆ. ಆದ್ರೆ ಮಕ್ಕಳು ಮೇಲೆ ಹೋದ್ರೆ ಓಡ್ತಾರೆ. ಟಾಪ್ ಫ್ಲೋರಿನವರಿಗೆ ತಲೆ ಮೇಲೆ ಧಡಧಡ.”

ಆ ಟಾಪ್ ಫ್ಲೋರಿನವರು ಪೂವಪ್ಪನವರೇ. ಫೋರ್ಟಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರಾಗಿದ್ದು ಊರಿನವರ ಗಲಾಟೆಯನ್ನೆಲ್ಲ ನಗುನಗುತ್ತ ಸಹಿಸಿದವರಿಗೆ ಈಗ ಹನ್ನೊಂದು ಮಕ್ಕಳ ಹೆಜ್ಜೆ ಭಾರವಾಗಿತ್ತು.

“ಒಂದು ಮಾತ್ರೆ ಬರೆದುಕೊಡಿ ಮೇಡಂ. ಅದಕ್ಕೇ ಅಲ್ವಾ ನೀವು ಕಲಿತದ್ದು?”

ಅನುರಾಧಾಳ ಮೈ ಉರಿದುಹೋಯಿತು. ಹೋದ ತಿಂಗಳಷ್ಟೇ ಅಂಧೇರಿಯ ದೊಡ್ಡ ಹೋಟೆಲಿನಲ್ಲಿ, ಪರದೆ ಎಳೆದ ಎಸಿ ಹಾಲಿನಲ್ಲಿ, ಆಕೆ ಇದೇ ಮಕ್ಕಳ ಬಗ್ಗೆ ಪ್ರಬಂಧ ಓದಿದ್ದಳು. ಬಿಸಿಲು ಮತ್ತು ಆಟ, ಎರಡೂ ಪುಕ್ಕಟೆ ಔಷಧಿ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಪುಕ್ಕಟೆ ಔಷಧಿಗೂ ಬೀಗ ಜಡಿದು ಒಬ್ಬರು ಚಹಾ ಕುಡಿಯುತ್ತ ಕೂತಿರುತ್ತಾರೆಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ತನಗೂ ಹೊಳೆದಿರಲಿಲ್ಲವಲ್ಲ ಎಂದು ಆಕೆಗೆ ತನ್ನ ಮೇಲೂ ಸಿಟ್ಟು ಬಂತು.

ಟೀಪಾಯಿಯ ಮೇಲೆ ಕೀ ಒಯ್ದವರ ರಿಜಿಸ್ಟರ್ ಇತ್ತು. ತೆರೆದು ನೋಡಿದಳು. ಹೆಸರಿನ ಮುಂದೆ ಕಾರಣ. ಹಪ್ಪಳ. ಗಾದಿ. ಮೆಣಸಿನಕಾಯಿ. ಮತ್ತೆ ಹಪ್ಪಳ.

“ಇವಕ್ಕೆಲ್ಲ ಕೀ ಕೊಡ್ತೀರಲ್ಲ?”

“ಅದು ರೂಲ್. ಸಾಮಾನು ಒಣಗಿಸ್ಲಿಕ್ಕೆ ಪರ್ಮಿಶನ್ ಉಂಟು. ಹಪ್ಪಳ ಓಡುದಿಲ್ಲ ನೋಡಿ.”

“ಹಪ್ಪಳಕ್ಕೆ ಇರೋ ಬೆಲೆ ಮಕ್ಕಳಿಗಿಲ್ಲ ಅನ್ನಿ,” ಎಂದು ಅನುರಾಧಾ ಎದ್ದು ನಿಂತಳು.

ಬಾಗಿಲ ಬಳಿಯಿದ್ದ ದೇವಕ್ಕ ಮುಂದೆ ಬಂದಳು. ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಹೆಂಗಸು.

“ಅಣ್ಣಾರ, ಹಪ್ಪಳಕ್ಕ ಕಾಗಿ ಬರ್ತಾವ. ಕಾಯಾಕ ಮಂದಿ ಇರಬಹುದೇನ್ರಿ?”

“ಇರ್ಬಹುದು. ಕಾಯದಿದ್ರೆ ಆಗ್ತದಾ?”

“ಹಂಗಾರ ನಾಳಿಗೆ ನನ್ನ ಹೆಸರ ಬರೀರಿ.”

ಪೂವಪ್ಪನವರು ಸಂತೋಷದಿಂದ ಬರೆದುಕೊಂಡರು. ಮಗಳು ಕೈ ಮುರಿದುಕೊಂಡು ಕೂತಿರುವಾಗ ಇವಳಿಗೆ ಹಪ್ಪಳದ ಚಿಂತೆಯೇ ಎಂದು ಅನುರಾಧಾಳಿಗೆ ಅಳುವೇ ಬಂತು. ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದಳು.

ಮರುದಿನ ಹತ್ತೂಕಾಲಕ್ಕೆ ಮಕ್ಕಳ ತೂಕ ನೋಡಲು ಬಂದರೆ ಎಲ್ಲ ರೂಮುಗಳಿಗೂ ಚಿಲಕ. ಮೇಲಿನಿಂದ ಧಡಧಡ ಸದ್ದು. ಆಕೆ ಏಳನೆಯ ಮಹಡಿ ತಲುಪುವಾಗ ಪೂವಪ್ಪನವರು ಲುಂಗಿ ಎತ್ತಿ ಕಟ್ಟಿ, ಏದುಸಿರು ಬಿಡುತ್ತ ಟೆರೇಸಿನ ಮೆಟ್ಟಿಲು ಹತ್ತುತ್ತಿದ್ದರು. ಆಕೆಯೂ ಹಿಂದೆಯೇ ಹತ್ತಿದಳು.

ಟೆರೇಸಿನ ನಡುವೆ ಹಳೆಯ ಸೀರೆ ಹಾಸಿತ್ತು. ಅದರ ಮೇಲೆ ಒಂದೇ ಒಂದು ಹಪ್ಪಳ, ಹಾರದಂತೆ ಅಂಚಿಗೊಂದು ಕಲ್ಲು. ಅದರ ಸುತ್ತ ಅಂಗಿಯ ತೋಳು ಮೇಲಕ್ಕೆ ಮಡಿಸಿದ ಹತ್ತು ಮಕ್ಕಳು ಬೆವರು ಸುರಿಸುತ್ತ ಓಡುತ್ತಿದ್ದರು. ಎಲ್ಲರ ಹಿಂದೆ ಶಿವಕುಮಾರಿ, ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು, ಹುಷಾರಾಗಿ ಹೆಜ್ಜೆ ಹಾಕುತ್ತ, ಇಲ್ಲದ ಕಾಗೆಯನ್ನು ಅಟ್ಟುತ್ತಿದ್ದಳು.

ಪೂವಪ್ಪನವರು ಬಾಯಿ ತೆರೆಯುವ ಮೊದಲೇ, ಸೀರೆಯ ಪಕ್ಕ ಕೂತಿದ್ದ ದೇವಕ್ಕ ಎದ್ದು ಅವರೆದುರು ನಿಂತಳು. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ.

“ನೋಡ್ಕೋರಿ ಅಣ್ಣಾರ. ಹಪ್ಪಳ ಓಡಿಲ್ಲ.”