ಆಲೂಗಡ್ಡೆಯ ಅಳತೆ

ಗೇಟಿನ ಹತ್ತಿರ ಹೆಂಡತಿಯ ಬೂಟಿನ ಸದ್ದು ಕೇಳಿದ್ದೇ ತಡ, ಕ್ಷೌರಿಕ ಪೈಪನ್ನು ಶೆಡ್ಡಿನ ಹಳೇ ಹಾಸಿಗೆಯ ಕೆಳಗೆ ತುರುಕಿದ. ಕೈ ತೊಳೆದ. ಮೂಸಿ ನೋಡಿದ. ಇನ್ನೂ ಸ್ಪ್ರೇ ವಾಸನೆ. ಇರಲಿ, ಕ್ಷೌರಿಕನ ಕೈ ಇನ್ನೇನು ವಾಸನೆ ಹೊಡೆಯಬೇಕು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ.

ಪೈಪು ಅಂದರೆ ಬರೀ ಪೈಪಲ್ಲ, ಆಲೂಗಡ್ಡೆ ತೋಪು. ನಲ್ಲಿ ಕೆಲಸದವರ ಪ್ಲಾಸ್ಟಿಕ್ ಪೈಪು, ಅದರ ಹಿಂದೆ ಒಂದು ದಪ್ಪ ಡಬ್ಬಿ. ಹರಿತ ಮಾಡಿದ ಬಾಯಿಗೆ ಆಲೂಗಡ್ಡೆ ಒತ್ತಿದರೆ ಪೈಪಿನ ಅಳತೆಗೇ ಕತ್ತರಿಸಿಕೊಂಡು ಒಳಗೆ ಕೂರುತ್ತದೆ. ಡಬ್ಬಿಗೆ ಕೂದಲಿನ ಸ್ಪ್ರೇ ಹೊಡೆದು ಕಿಡಿ ಕೊಟ್ಟರೆ ಢಂ. ದಿನವಿಡೀ ಊರವರ ಕೆನ್ನೆ ಹಿಡಿದು, ಉಸಿರು ಬಿಗಿಹಿಡಿದು ಕೆಲಸ ಮಾಡುವವನಿಗೆ ವಾರದ ರಜೆಯ ದಿನ ಆ ಢಂ ಬೇಕೇ ಬೇಕು. ಹಳೇ ಇಟ್ಟಿಗೆ ಗೂಡಿನ ಬಯಲಿಗೆ ಹೋಗಿ ಹಾರಿಸಿ ಬರುತ್ತಿದ್ದ. ಈಚೆಗೆ ಹುಚ್ಚು ಹೆಚ್ಚಾಯಿತೇನೋ ಎಂದು ಅವನಿಗೇ ಅನುಮಾನ. ಅಂಗಡಿಯ ಸ್ಪ್ರೇ ಡಬ್ಬಿಗಳು ನೋಡನೋಡುತ್ತಲೇ ಖಾಲಿಯಾಗುತ್ತಿದ್ದವು.

ಅಪಾಯ ಗೊತ್ತಿಲ್ಲದೆ ಏನಲ್ಲ. ಕಟ್ಟಿಕೊಂಡವಳೇ ಠಾಣೆಯ ಇನ್‌ಸ್ಪೆಕ್ಟರ್. ಕೆಲವು ತಿಂಗಳ ಹಿಂದೆ ಕಾಲೇಜು ಹುಡುಗರಿಂದ ಇಂಥದ್ದೇ ಒಂದು ತೋಪು, ಇದಕ್ಕಿಂತ ದಪ್ಪನೆಯದು, ವಶಪಡಿಸಿಕೊಂಡು ಠಾಣೆಯ ಕೋಣೆಯಲ್ಲಿ ಬೀಗ ಹಾಕಿಟ್ಟಿದ್ದಳು. ಅದು ಕೆಲಸ ಮಾಡುತ್ತದೋ ಇಲ್ಲವೋ ಒಂದು ಸಲ ಹಾರಿಸಿ ನೋಡಿ ಕೋರ್ಟಿಗೆ ಹೇಳಬೇಕಂತೆ. ಅವತ್ತು ಊಟಕ್ಕೆ ಕೂತಾಗ ಕಾನೂನನ್ನೂ ಹೇಳಿದ್ದಳು.

"ಮೂಲೇಲಿ ಬಿದ್ದಿದ್ರೆ ಅದು ಪೈಪು. ಕಿಡಿ ಕೊಟ್ಟು ಹಾರಿಸಿದ್ರೆ ಬಂದೂಕು. ಲೈಸೆನ್ಸ್ ಇಲ್ದೆ ಹಾರಿಸ್ದೋರು ಯಾರೇ ಆಗ್ಲಿ, ಒಳಗೆ."

ಅವನು ಬೇಗ ಬೇಗ ಊಟ ಮುಗಿಸಿ ಎದ್ದಿದ್ದ.

ಈಗ ನೋಡಿದರೆ ಈ ಫಜೀತಿ. ಆ ಮಧ್ಯಾಹ್ನ ಹಾರಿಸಿದ ಕೊನೆಯ ಆಲೂಗಡ್ಡೆಯನ್ನು ಗಾಳಿ ಎತ್ತಿಕೊಂಡು ಹೋಗಿತ್ತು. ಎಲ್ಲಿ ಬಿತ್ತೋ ಕಾಣಲಿಲ್ಲ. ಅವನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು: ಬಯಲಿನಾಚೆ ಹಲ್ಲಿನ ಡಾಕ್ಟರ ಕಿಟಕಿ ಪುಡಿಪುಡಿ. ಆಲೂಗಡ್ಡೆ ತುಂಡೊಂದು ರೋಗಿಯ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿದಿತ್ತು. ಬಾಯಿ ಮೊದಲೇ ತೆರೆದಿದ್ದರಿಂದ ಕಿರುಚುವುದಕ್ಕೆ ರೋಗಿಗೆ ಕಷ್ಟವಾಗಲಿಲ್ಲ. "ಎದುರಿಗೇ ಪೊಲೀಸ್ ಠಾಣೆ ಇಟ್ಕೊಂಡು ನನಗೆ ಈ ಗತಿ," ಎಂದು ಡಾಕ್ಟರು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು.

ಹೆಂಡತಿ ಒಳಗೆ ಬಂದು ಕುರ್ಚಿಗೆ ಒರಗಿ ಬಲಭುಜ ತೋರಿಸಿದಳು. "ಸ್ವಲ್ಪ ಒತ್ತಿ. ಕೂತು ಕೂತು ಹಿಡ್ಕೊಂಡಿದೆ."

ಅವನು ಒತ್ತಿದ. "ಯಾರು ಅಂತ ಗೊತ್ತಾಯ್ತಾ?"

"ಒಂದೇ ಸಲ ಹಾರಿಸಿರೋದು," ಎಂದಳು, ಕಣ್ಣು ಮುಚ್ಚಿಕೊಂಡೇ. "ಒಳಗಿನ ಹೊಗೆ ಊದಿ ತೆಗೀದಿದ್ರೆ ಎರಡನೇ ಸಲ ಹೊತ್ತಲ್ಲ."

ಇಷ್ಟೆಲ್ಲ ತಿಳಿದುಕೊಂಡಿದ್ದಾಳೆ ಅಂದರೆ ತನ್ನ ಕಥೆ ಮುಗಿಯಿತು ಎಂದುಕೊಂಡ.

ಆದರೆ ಮಾರನೆಯ ದಿನ ಹೆಡ್ ಕಾನ್‌ಸ್ಟೇಬಲ್ ಎಳೆದು ತಂದದ್ದು ವೆಲ್ಡರನ್ನು. ಅವನ ಗ್ಯಾರೇಜಿನಲ್ಲಿ ಪೈಪಿತ್ತು, ಲೈಟರಿತ್ತು. ಹೆಡ್ ಕಾನ್‌ಸ್ಟೇಬಲ್‌ಗೆ ಅಷ್ಟು ಸಾಕು. ಕ್ಷೌರಿಕನ ಹಳೇ ಗಿರಾಕಿ ಆ ವೆಲ್ಡರು. ಗಡ್ಡಕ್ಕೆ ನೊರೆ ಹಚ್ಚಿದ ಕೂಡಲೇ ನಿದ್ದೆ ಹೋಗುವ ಪಾಪದ ಪ್ರಾಣಿ. ಅವನ ತಾಯಿ ಠಾಣೆಯ ಬೆಂಚಿನ ಮೇಲೆ ಕೂತಿದ್ದುದು ಅಂಗಡಿಯ ಬಾಗಿಲಿಂದಲೇ ಕಾಣುತ್ತಿತ್ತು. ಮುದುಕಿ ಅಳುತ್ತಿರಲಿಲ್ಲ, ಯಾರನ್ನೂ ಬೈಯುತ್ತಲೂ ಇರಲಿಲ್ಲ. ಅದನ್ನು ನೋಡಲಾರದೆ ಕ್ಷೌರಿಕ ಬಾಗಿಲಿಗೆ ಬೆನ್ನು ಹಾಕಿದ. ಆ ದಿನ ಒಬ್ಬರ ಮೀಸೆಯನ್ನು ಒಂದು ಕಡೆ ಜಾಸ್ತಿ ಕತ್ತರಿಸಿ, ಸರಿಮಾಡಲು ಹೋಗಿ ಪೂರ್ತಿ ತೆಗೆದುಬಿಟ್ಟ.

ಸಂಜೆ ಇಬ್ಬರೂ ತಟ್ಟೆ ಮುಂದಿಟ್ಟುಕೊಂಡು ಕೂತರು. ಇಬ್ಬರೂ ತಿನ್ನಲಿಲ್ಲ.

"ಏನೂ ಮಾಡ್ದೋನು ಒಳಗಿದಾನೆ," ಎಂದಳು ಅವಳು, ತಲೆಯೆತ್ತದೆ. "ಮಾಡಿದೋರು ಮನೇಲಿ ಊಟಕ್ಕೆ ಕೂತಿದಾರೆ."

ತನಗೇ ಹೇಳಿದಳು ಎಂದುಕೊಂಡ. ಬಾಯಿಬಿಟ್ಟರೆ ಹೆಂಡತಿಯ ಕೈಯಿಂದಲೇ ಬೇಡಿ, ಜೊತೆಗೆ ಅವಳ ಕೆಲಸಕ್ಕೂ ಕುತ್ತು. ಬಿಡದಿದ್ದರೆ ವೆಲ್ಡರಿಗೆ ಜೈಲು. ಮಲಗಿದರೂ ಹೊರಳಾಡುವುದೇ ಆಯಿತು. ಪಕ್ಕದಲ್ಲಿ ಅವಳೂ ಹೊರಳಾಡುತ್ತಿದ್ದಳು.

ಬೆಳಿಗ್ಗೆ ಅವಳು ಸಮವಸ್ತ್ರ ತೊಟ್ಟು ಬೂಟಿಗೆ ಪಾಲಿಶ್ ಹಾಕುತ್ತಿದ್ದಾಗ ಅವನು ಶೆಡ್ಡಿಗೆ ಹೋಗಿ ತೋಪು ತಂದು ಮುಂದಿಟ್ಟ.

"ನಾನೇ," ಎಂದ. "ವೆಲ್ಡರನ್ನ ಬಿಟ್ಬಿಡು."

ಅವಳು ಬ್ರಷ್ ಕೆಳಗಿಟ್ಟಳು. ಆಶ್ಚರ್ಯಪಡಲಿಲ್ಲ. ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದಳು. ಒಳಗೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಿಕ್ಕ ಆಲೂಗಡ್ಡೆ ತುಂಡು. ಅದನ್ನು ಪೈಪಿನ ಬಾಯಿಗೆ ಹಿಡಿದಳು. ಒಣಗಿ ಕುಗ್ಗಿದ್ದರೂ ಬಾಯಿಗಿಂತ ತುಂಡೇ ದೊಡ್ಡದಿತ್ತು.

"ಇದು ನಿಮ್ದಲ್ಲ," ಎಂದಳು. "ನಿಮ್ದು ಅಷ್ಟು ದೂರ ಹೋಗಲ್ಲ ಕಣ್ರೀ. ಶೆಡ್ಡಲ್ಲಿ ಅದನ್ನ ನೋಡಿ ಎಷ್ಟೋ ದಿನ ಆಯ್ತು."

ಸಮಾಧಾನಪಡಬೇಕೋ ಅವಮಾನಪಡಬೇಕೋ ಅವನಿಗೆ ತಿಳಿಯಲಿಲ್ಲ. "ಮತ್ತೆ ಯಾರದ್ದು? ಇದಕ್ಕಿಂತ ದೊಡ್ಡದು ಈ ಊರಲ್ಲಿ ಯಾರ ಹತ್ರ ಇದೆ?"

ಅವಳು ಟೋಪಿಯನ್ನು ಮೇಜಿನ ಮೇಲಿಟ್ಟಳು. ಸೊಂಟದಿಂದ ಠಾಣೆಯ ಬೀಗದ ಕೈ ಗೊಂಚಲು ಬಿಚ್ಚಿ ಅದರ ಪಕ್ಕ ಇಟ್ಟಳು.

"ಠಾಣೆಗೆ ನನ್ನ ಜೊತೆ ಬನ್ನಿ, ಒಬ್ಳೇ ಹೋಗೋಕೆ ಧೈರ್ಯ ಬರ್ತಿಲ್ಲ," ಎಂದಳು. "ಅದಕ್ಕೆ ಮುಂಚೆ ನಿಮ್ಮ ಹತ್ರಾನೂ ಒಂದು ತಪ್ಪು ಒಪ್ಕೋಬೇಕು. ಅಂಗಡಿಯಿಂದ ಸ್ಪ್ರೇ ಡಬ್ಬಿ ಎತ್ಕೊಂಡು ಹೋಗ್ತಿದ್ದಿದ್ದು ನಾನೇ."