ಸುಳಿವಿಲ್ಲದ ಬಾಗಿಲು

“ಇದು ಒಗಟಲ್ಲ ಕಣ್ರೀ, ಹಗಲುದರೋಡೆ!” ಬೀಗಪ್ಪ ಮೇಜು ಗುದ್ದಿದ.

ಕಂಪ್ಯೂಟರ್ ಆಟಕ್ಕೆ ಒಗಟು ಹೆಣೆಯುವುದು ಅವನ ಕೆಲಸ. ಆಫೀಸಿಗೆಲ್ಲ ಅವನು ಬೀಗಪ್ಪನೇ. ಅದೇ ಆಟಕ್ಕೆ ಕಥೆ ಬರೆದವಳು ಎದುರಿಗೆ ಕೂತು, ಆರಿದ ಕಾಫಿಯ ಮೇಲಿನ ಕೆನೆ ನೋಡುತ್ತಿದ್ದಳು. ಕಥೆ ಹೆಚ್ಚಾದರೆ ಆಟ ಕುಂಟುತ್ತದೆ, ಆಟ ಹೆಚ್ಚಾದರೆ ಕಥೆ ಮೂಲೆ ಸೇರುತ್ತದೆ ಎಂದು ವರ್ಷವಿಡೀ ಕಿತ್ತಾಡಿ, ಅಂತೂ ಇಂತೂ ಇಬ್ಬರೂ ತಕ್ಕಡಿ ಸಮ ಮಾಡಿದ್ದರು. ಕೊನೆಯ ಬಾಗಿಲೊಂದನ್ನು ಮಾತ್ರ ಅವಳು ಹಟ ಹಿಡಿದು ತಾನೇ ಮಾಡಿದ್ದಳು.

ಆಟದಲ್ಲಿ ತಮ್ಮ ಮುನಿಸಿಕೊಂಡು ಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದಾನೆ. ಅಕ್ಕ ತೆಗೆಸಬೇಕು. ತಟ್ಟಿದರೂ ತೆಗೆಯ, ಗೋಗರೆದರೂ ತೆಗೆಯ. ದೀಪ ಆರಿಸಿ, ಎಡಗಾಲಿನ ಚಪ್ಪಲಿ ಮಾತ್ರ ಬಾಗಿಲಡಿಯ ಸಂದಿಯಲ್ಲಿ ತೂರಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಸುಮ್ಮನೆ ಕೂರಬೇಕು.

“ಯಾರ ತಲೆಗೆ ಹೊಳೆಯುತ್ತೆ ಇದು? ಕಥೇಲಿ ಒಂದು ಸುಳಿವಾದ್ರೂ ಬೇಡ್ವಾ? ಆಟ ಕೊಂಡ ಜನ ಬಾಯಿಗೆ ಬಂದ ಹಾಗೆ ಬೈತಿದ್ದಾರೆ. ಇವತ್ತಿನವರೆಗೆ ಒಬ್ಬರೂ ತೆಗೆದಿಲ್ಲ.”

“ಸುಳಿವು ಹಾಕಿದ್ರೆ ಯಾರು ಬೇಕಾದ್ರೂ ತೆಗೀತಾರೆ.”

“ಅಯ್ಯೋ ನನ್ನ ತಾಯಿ, ಅದೇ ಅಲ್ವೇನ್ರೀ ಬೇಕಾಗಿರೋದು!”

ಬೈಗುಳ ಅವಳಿಗೆ ತಾಗುತ್ತಿರಲಿಲ್ಲ. ಬಹಳ ಕಾಲದಿಂದ ಏನೂ ತಾಗುತ್ತಿರಲಿಲ್ಲ. ಕಂಪನಿಯ ಯಜಮಾನರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಸಂಜೆಯೊಳಗೆ ಅವಳು ಸುಳಿವು ಬರೆಯಬೇಕು. ಇಲ್ಲವಾದರೆ ಬೀಗಪ್ಪ ಬರೆಯುತ್ತಾನೆ, ಅವಳು ಗಂಟುಮೂಟೆ ಕಟ್ಟಬಹುದು.

ಫೋನ್ ಬಂತು. ಅಮ್ಮ.

“ಯಾರಾದ್ರೂ ತೆಗೆದ್ರೇನೇ?”

“ಇನ್ನೂ ಇಲ್ಲಮ್ಮಾ.”

ಬೀಗಪ್ಪನಿಗೆ ಸಿಟ್ಟಿನಲ್ಲೂ ನಗು ಬಂತು. “ದಿನಾ ಕೇಳ್ತಾರಲ್ರೀ! ನಿಮ್ಮಮ್ಮನಿಗೂ ಆಟದ ಹುಚ್ಚಾ?”

“ಅಮ್ಮನಿಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ.”

ಊಟದ ಹೊತ್ತು ಕಳೆಯಿತು. ಅವಳು ಸುಳಿವು ಬರೆಯಲಿಲ್ಲ. ಕೊನೆಗೆ ಬೀಗಪ್ಪನೇ ಬರೆಯಲು ಕೂತ. ಕೂತವನು ಆಟಗಾರರ ನಡೆ ತೋರಿಸುವ ಪರದೆ ನೋಡಿ ಹಾಗೇ ಕಿರುಚಿದ.

“ತೆಗೆದ್ರು! ಯಾರೋ ಒಬ್ರು ತೆಗೆದ್ರು! ತಡಕಾಟ ಇಲ್ಲ, ಒಂದು ತಪ್ಪಿಲ್ಲ, ಮೊದಲ ಸಲಕ್ಕೇ! ಹೇಗ್ರೀ ಸಾಧ್ಯ?”

ಅವಳು ಎದ್ದು ಬಂದು ಪರದೆ ನೋಡಿದಳು. ಮೊದಲು ದೀಪ. ಆಮೇಲೆ ಚಪ್ಪಲಿ. ಆಮೇಲೆ ಬೆನ್ನು. ಒಂದೊಂದರ ಮೇಲೂ ಬೆರಳಿಟ್ಟು ಮತ್ತೊಮ್ಮೆ ಓದಿದಳು.

“ಇನ್ನು ಸುಳಿವು ಹಾಕ್ಕೊಳ್ಳಿ,” ಅಂದಳು. “ಎಷ್ಟು ಬೇಕಾದ್ರೂ ಹಾಕ್ಕೊಳ್ಳಿ.”

ಆಮೇಲೆ ಫೋನ್ ಕೈಗೆತ್ತಿಕೊಂಡಳು.

“ಅಮ್ಮಾ, ತೆಗೆದ. ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ ಅದು. ತಮ್ಮ ಬದುಕಿದ್ದಾನೆ. ಎಲ್ಲಿದ್ದಾನೋ ಗೊತ್ತಿಲ್ಲ, ಬದುಕಿದ್ದಾನೆ.”